ಜರ್ಮನಿಯಲ್ಲಿ ನಾನು ಚರ್ಚ್ ಹುಡುಕಿಕೊಂಡದ್ದು ಹೀಗೆ

ಜರ್ಮನಿಗೆ ಹೊರಟ ನಮ್ಮ ಮೈಸೂರಿನ ಹುಡುಗರು "ಅಣ್ಣಾ, ಅಲ್ಲಿ ಪೂಜೆಗೆ ಎಲ್ಲಿಗೆ ಹೋಗೋದು?" ಅಂತ ಕೇಳಿದರೆ ನಾನು ಹೇಳುವುದು ಒಂದೇ. ಚಂದದ ಚರ್ಚ್ ಹುಡುಕಬೇಡಿ, ಮನೆಯಿಂದ ನಡೆದು ಹೋಗುವಂಥದ್ದನ್ನು ಹುಡುಕಿ. ಇಂಗ್ಲಿಷ್ ಪೂಜೆ ಸಿಗುತ್ತಾ ಅನ್ನೋದು ಆಮೇಲಿನ ಮಾತು.

ನಾನು ಕೆಲಸದ ಮೇಲೆ ಕೆಲವು ವರ್ಷ ಫ್ರಾಂಕ್‌ಫರ್ಟ್ ನಗರದ್ದೇ ಭಾಗವಾದ ಹೋಖ್ಸ್ಟ್‌ನಲ್ಲಿದ್ದೆ. ಅದಕ್ಕೆ ಮುಂಚೆ ಚರ್ಚ್ ಹುಡುಕುವ ಪ್ರಮೇಯವೇ ಬಂದಿರಲಿಲ್ಲ. ಹುಟ್ಟಿ ಬೆಳೆದದ್ದೆಲ್ಲ ಸೇಂಟ್ ಫಿಲೋಮಿನಾದ ಜೋಡಿ ಗೋಪುರಗಳ ಕೆಳಗೆ. ಜ್ಞಾನಸ್ನಾನ, ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ), ಅಕ್ಕನ ಮದುವೆ, ಎಲ್ಲಾ ಅಲ್ಲೇ. ಪೂಜೆ ಎಷ್ಟು ಗಂಟೆಗೆ ಅಂತ ಯಾರನ್ನೂ ಕೇಳಿದ್ದೇ ಇಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ ಚರ್ಚ್‌ಗೇನೂ ಬರ ಇಲ್ಲ. ಯಾವುದು ನಮ್ಮದು, ಅಂದರೆ ಕಥೋಲಿಕರದ್ದು, ಅಂತ ಗೊತ್ತಾಗೋದೇ ಕಷ್ಟ. ಹೌಪ್ಟ್‌ವಾಖೆ ಸ್ಟೇಷನ್ನಿಂದ ಮೇಲೆ ಬಂದರೆ ಎದುರಿಗೇ ದೊಡ್ಡ ಕಟರೀನಾ ಚರ್ಚ್ ಇದೆ. ಹೆಸರು ಸಂತ ಕತರೀನಳದ್ದು, ಆದರೆ ಚರ್ಚ್ ಪ್ರಾಟೆಸ್ಟಂಟರದ್ದು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಿಗುವ 'ಡೋಮ್' ಅನ್ನುವ ಕೆಂಪು ಕಲ್ಲಿನ ದೊಡ್ಡ ಚರ್ಚ್ ಕಥೋಲಿಕರದ್ದು. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯಲ್ಲ. ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಹಾಕಿರುವ ನೋಟಿಸು ಓದಬೇಕು. 'ಕಾಥೋಲಿಷ್' ಅಂತಿದ್ದರೆ ನಮ್ಮದು, 'ಇವಾಂಗೆಲಿಷ್' ಅಂತಿದ್ದರೆ ಪ್ರಾಟೆಸ್ಟಂಟ್. 'ಆಲ್ಟ್-ಕಾಥೋಲಿಷ್' ಅಂತಲೂ ಒಂದು ಪಂಗಡ ಇದೆ. ಅವರು 19ನೇ ಶತಮಾನದಲ್ಲೇ ರೋಮ್‌ನಿಂದ ಬೇರೆಯಾದವರು. ಒಳಗೆ ಹೋದ ಮೇಲೂ ಅನುಮಾನ ಇದ್ದರೆ ಪರಮಪ್ರಸಾದದ ಪೆಟ್ಟಿಗೆ, ಅದರ ಹತ್ತಿರ ಉರಿಯುವ ಕೆಂಪು ದೀಪ ನೋಡಿ. ಬೆಂಚಿನ ಮೇಲಿರುವ ಹಾಡಿನ ಪುಸ್ತಕದ ಹೆಸರು 'ಗೊಟ್ಟೆಸ್‌ಲೋಬ್' ಆಗಿದ್ದರೆ ಧೈರ್ಯವಾಗಿ ಕೂತುಕೊಳ್ಳಿ. ಸಣ್ಣ ಊರುಗಳಿಗೆ ಹೋಗುವವರಿಗೆ ಇನ್ನೂ ಸುಲಭ. ಎಷ್ಟೋ ಊರುಗಳ ಹೆಬ್ಬಾಗಿಲಲ್ಲೇ ಪೂಜೆ ಸಮಯದ ಬೋರ್ಡ್ ಇರುತ್ತದೆ. ಹಳದಿ ಚರ್ಚ್ ಚಿತ್ರ ಕಥೋಲಿಕರದ್ದು, ನೇರಳೆ ಬಣ್ಣದ್ದು ಪ್ರಾಟೆಸ್ಟಂಟರದ್ದು.

ಸಮಯದ ಪಟ್ಟಿಯನ್ನೂ ಹುಷಾರಾಗಿ ಓದಬೇಕು. ಅಲ್ಲಿ ಗುರುಗಳು ಕಡಿಮೆ, ಒಬ್ಬೊಬ್ಬರಿಗೆ ಮೂರು ನಾಲ್ಕು ಚರ್ಚ್ ಇರುತ್ತವೆ. ಹಾಗಾಗಿ ಈ ವಾರ ಇಲ್ಲಿ ಪೂಜೆ ಇದ್ದರೆ ಮುಂದಿನ ವಾರ ಪಕ್ಕದ ಚರ್ಚಿನಲ್ಲಿ. 'ಹೈಲಿಗೆ ಮೆಸ್ಸೆ' ಅಥವಾ 'ಯೂಖರಿಸ್ಟೀಫೈಯರ್' ಅಂತ ಬರೆದಿದ್ದರೆ ಬಲಿಪೂಜೆ, ಅಂದರೆ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂರ್ತಿ ಪೂಜೆ. 'ವೋರ್ಟ್-ಗೊಟ್ಟೆಸ್-ಫೈಯರ್' ಅಂತಿದ್ದರೆ ಬೈಬಲ್ ವಾಚನ, ಪ್ರಾರ್ಥನೆ ಅಷ್ಟೇ, ಬಲಿಪೂಜೆ ಅಲ್ಲ. ಭಾನುವಾರ ಶಿಫ್ಟ್ ಇರುವವರು ಶನಿವಾರ ಸಂಜೆಯ ಪೂಜೆಗೆ ಹೋದರೂ ಆಯ್ತು, ಅದು ಭಾನುವಾರದ ಲೆಕ್ಕಕ್ಕೇ ಬರುತ್ತದೆ.

ಹೋಖ್ಸ್ಟ್‌ನಲ್ಲಿ 9ನೇ ಶತಮಾನದ ಯುಸ್ಟೀನುಸ್ ಚರ್ಚ್ ಇದೆ. ನದಿ ದಂಡೆಯ ಮೇಲೆ, ನೋಡೋಕೆ ಎರಡು ಕಣ್ಣು ಸಾಲದು. ನನ್ನ ಮನಸ್ಸೂ ಮೊದಲು ಅಲ್ಲಿಗೇ ಹೋಯಿತು. ಆದರೆ ವಾರವಾರದ ಪೂಜೆ ನಡೆಯುತ್ತಿದ್ದದ್ದು ಸ್ವಲ್ಪ ಆಚೆಗಿನ ಸೇಂಟ್ ಜೋಸೆಫ್ ಚರ್ಚಿನಲ್ಲಿ. ನಮ್ಮ ಮೈಸೂರಿನ ಪ್ರಧಾನಾಲಯವೂ ಫಿಲೋಮಿನಮ್ಮನ ಜೊತೆಗೆ ಸಂತ ಜೋಸೆಫರ ಹೆಸರಿನದೇ ಅಲ್ವಾ, ಸರಿ ಅಂತ ಅಲ್ಲಿಗೇ ಹೋದೆ.

ಭಾಷೆ ಬರದೆ ಪೂಜೆಯಲ್ಲಿ ಕೂತು ಏನು ಮಾಡೋದು ಅನ್ನುವವರಿಗೆ ನನ್ನ ಉಪಾಯ ಹೇಳ್ತೀನಿ. ನಮ್ಮ ರೋಮನ್ ಕ್ರಮದ ಪೂಜೆಯಲ್ಲಿ ಭಾನುವಾರದ ವಾಚನಗಳು ಲೋಕದ ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ. ಎ, ಬಿ, ಸಿ ಅಂತ ಮೂರು ವರ್ಷದ ಸರದಿ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರದಿಂದ ಹೊಸ ವರ್ಷ. ಮೈಸೂರಿನಲ್ಲಿ ಅಮ್ಮ ಕೇಳುವ ಶುಭಸಂದೇಶವನ್ನೇ ಹೋಖ್ಸ್ಟ್‌ನಲ್ಲಿ ನಾನೂ ಕೇಳುತ್ತೇನೆ. ಶನಿವಾರ ರಾತ್ರಿ ಕನ್ನಡ ಬೈಬಲ್‌ನಲ್ಲಿ ಮೂರೂ ವಾಚನ, ಕೀರ್ತನೆ ಓದಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಜರ್ಮನ್‌ನಲ್ಲಿ ಊರಿನ ಹೆಸರು, ಮನುಷ್ಯರ ಹೆಸರು ಕಿವಿಗೆ ಬಿದ್ದರೆ ಸಾಕು, ಕಥೆ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಒಂದೆರಡು ಕಡೆ ಮಾತ್ರ ಲೆಕ್ಕ ತಪ್ಪುತ್ತದೆ. ಯೇಸುವಿನ ಸ್ವರ್ಗಾರೋಹಣದ ಹಬ್ಬವನ್ನು ನಾವು ಭಾನುವಾರ ಮಾಡುತ್ತೇವೆ, ಅವರು ಗುರುವಾರವೇ ಮಾಡುತ್ತಾರೆ, ಅವತ್ತು ದೇಶಕ್ಕೆಲ್ಲ ರಜೆ. ಪರಮಪ್ರಸಾದದ ಹಬ್ಬವೂ ಹಾಗೇ, ಗುರುವಾರ ಬೀದಿಯಲ್ಲಿ ಮೆರವಣಿಗೆ. ಗುರುಗಳ ಪ್ರಬೋಧನೆ (ಉಪದೇಶ) ಮಾತ್ರ ತಲೆ ಮೇಲೆ ಹಾದು ಹೋಗುತ್ತಿತ್ತು. ಕನ್ನಡದ ಪ್ರಬೋಧನೆಯೂ ಕೆಲವು ಸಲ ಹಾಗೇ, ಬಿಡಿ.

ಹಾಡಿನ ವಿಷಯದಲ್ಲಿ ನನ್ನನ್ನು ಕಾಪಾಡಿದ್ದು ಪಕ್ಕದ ಬೆಂಚಿನ ಅಜ್ಜಿ. ಗೋಡೆಯ ಬೋರ್ಡ್ ಮೇಲೆ ಹಾಡಿನ ನಂಬರ್ ಬರುತ್ತದೆ, ಅದರ ಕೆಳಗೆ ಸಣ್ಣದಾಗಿ ಯಾವ ಯಾವ ಚರಣ ಅಂತ. ನಾನು ಹಾಳೆ ಮಗುಚುತ್ತಾ ಇದ್ದರೆ ಅವರು ತಮ್ಮ ಪುಸ್ತಕ ನನ್ನ ಕಡೆ ಸರಿಸಿ, ಸಾಲಿನ ಕೆಳಗೆ ಬೆರಳಿಟ್ಟು ನಡೆಸುತ್ತಿದ್ದರು. ಉಗುರಿಗೆ ತಿಳಿ ಗುಲಾಬಿ ಬಣ್ಣ, ಬೆರಳಲ್ಲಿ ಸವೆದ ಉಂಗುರ. ಚರಣ ಬಿಟ್ಟು ಮುಂದೆ ಹಾರುವಾಗ ಬೆರಳಿಂದ ಪುಟದ ಮೇಲೆ ಟಕ್ ಅಂತ ತಟ್ಟುವರು. ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ನಾನು ಅಭ್ಯಾಸಬಲದಿಂದ ಕೈ ಮುಗಿದರೆ ಅವರು ಕೈ ಚಾಚಿದ್ದರು. ಆಮೇಲಾಮೇಲೆ ಅವರೂ ಕೈ ಮುಗಿದು, ನಕ್ಕು, ನಂತರ ಕೈ ಕುಲುಕುತ್ತಿದ್ದರು. ನೂರಾರು ಜನ ಬಂದುಹೋಗುವ ಊರ ಮಧ್ಯದ ಚರ್ಚಿನಲ್ಲಿ ಇದೆಲ್ಲ ಆಗಲ್ಲ. ಒಂದು ವಾರ ಹೋಗದಿದ್ದರೆ ಇಲ್ಲಿ ಕೇಳುವವರಿರುತ್ತಾರೆ. ಬಂದವರಲ್ಲಿ ಮುಕ್ಕಾಲು ಪಾಲು ತಲೆ ನರೆತವರೇ, ಹೊಸ ಮುಖ ಕಂಡರೆ ಅವರಿಗೂ ಖುಷಿ.

ಪಾಪನಿವೇದನೆಗೆ ಮಾತ್ರ ಭಾಷೆ ಬೇಕೇ ಬೇಕು. ಅದಕ್ಕೆ ನಾನು ಊರ ಮಧ್ಯದ ಲೀಬ್‌ಫ್ರೌವೆನ್ ಚರ್ಚಿಗೆ ಹೋಗುತ್ತಿದ್ದೆ. ಕಪುಚಿನ್ ಗುರುಗಳದ್ದು. ಅಂಗಡಿ ಬೀದಿಗಳ ನಡುವೆ ಇದ್ದರೂ ಒಳಗಿನ ಅಂಗಳದಲ್ಲಿ ಮಾತೆಯ ಮುಂದೆ ಯಾವಾಗಲೂ ಮೇಣದಬತ್ತಿಗಳ ಸಾಲು. ಇಂಗ್ಲಿಷ್ ಬರುವ ಗುರುಗಳು ಯಾವಾಗ ಇರುತ್ತಾರೆ ಅಂತ ಬಾಗಿಲಲ್ಲಿ ಕೇಳಿದರೆ ಹೇಳುತ್ತಾರೆ. ಇಂಗ್ಲಿಷ್ ಪೂಜೆಯೂ ನಗರದಲ್ಲಿ ಸಿಗುತ್ತದೆ, ಹಬ್ಬಗಳಿಗೆ ಹೋಗಿದ್ದೇನೆ. ಮಲಯಾಳಿಗಳ ಬಳಗವೂ ದೊಡ್ಡದು. ಕೇರಳದ ನರ್ಸ್‌ಗಳು 1960ರ ದಶಕದಿಂದಲೇ ಜರ್ಮನಿಗೆ ಹೋಗಿ ನೆಲೆಸಿದವರು. ಅವರ ಸಿರೋ-ಮಲಬಾರ್ (ಕೇರಳದ ಕಥೋಲಿಕ ಪಂಗಡ) ಪೂಜೆಯ ಕ್ರಮ ಬೇರೆ, ಆದರೂ ನಾವು ಪಾಲ್ಗೊಳ್ಳಬಹುದು. ಪೂಜೆ ಮುಗಿದ ಮೇಲೆ ಊಟ ಗ್ಯಾರಂಟಿ.

ಇನ್ನು ಕೊಲೋನ್. ನಮ್ಮ ಚರ್ಚ್ ಕಟ್ಟಿದ್ದು ಕೊಲೋನ್ ಪ್ರಧಾನಾಲಯದ ಮಾದರಿಯಲ್ಲಿ ಅಂತ ಚಿಕ್ಕಂದಿನಿಂದ ಕೇಳಿದ್ದೆವಲ್ಲ, ರೈಲು ಹತ್ತಿ ಹೋಗಿ ನೋಡಿದೆ. 157 ಮೀಟರ್ ಎತ್ತರ, ಕಟ್ಟಲು ಶುರುಮಾಡಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ನೋಡಿ ಬೆರಗಾದೆ. ಪೂಜೆಯಲ್ಲಿ ಪಕ್ಕದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ದುಡ್ಡಿನ ವಿಷಯ ಮೊದಲೇ ತಿಳಿದಿರಲಿ. ಅಲ್ಲಿ ಮನೆ ವಿಳಾಸ ನೋಂದಾಯಿಸುವಾಗ ಧರ್ಮ ಯಾವುದು ಅಂತ ಕೇಳುತ್ತಾರೆ. ರೋಮನ್ ಕಥೋಲಿಕ ಅಂತ ಬರೆಸಿದರೆ ಚರ್ಚ್ ತೆರಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಫ್ರಾಂಕ್‌ಫರ್ಟ್ ಇರುವ ಹೆಸ್ಸೆನ್ ರಾಜ್ಯದಲ್ಲಿ ಶೇ. 9, ಬವೇರಿಯಾದಲ್ಲಿ ಶೇ. 8. ಇದು ಸಂಬಳದ ಮೇಲಲ್ಲ, ನೀವು ಕಟ್ಟುವ ಆದಾಯ ತೆರಿಗೆಯ ಮೇಲೆ. ನಮ್ಮ ಧರ್ಮಕೇಂದ್ರದ ವರ್ಷದ ವಂತಿಗೆ ನೆನಪಿಸಿಕೊಂಡರೆ ಎದೆ ಧಸಕ್ ಅನ್ನುತ್ತದೆ. ಉಳಿಸೋಣ ಅಂತ ಆಮೇಲೆ ಕಚೇರಿಗೆ ಹೋಗಿ ಹೆಸರು ತೆಗೆಸಿದರೆ ಅದನ್ನು ಚರ್ಚ್ ಬಿಟ್ಟಂತೆ ಎಂದೇ ಅಲ್ಲಿನ ಬಿಷಪ್‌ಗಳು ಲೆಕ್ಕ ಹಾಕುತ್ತಾರೆ. ಪಾಪನಿವೇದನೆ, ಪರಮಪ್ರಸಾದ ಸಿಗಲ್ಲ ಅಂತ 2012ರಲ್ಲೇ ಆದೇಶ ಆಗಿದೆ. ನಾನು ಗೊಣಗಿಕೊಂಡೇ ಕಟ್ಟಿದೆ.

ಹೊರಡುವ ಮುಂಚೆ ಜ್ಞಾನಸ್ನಾನದ ಸರ್ಟಿಫಿಕೇಟ್ ಇಂಗ್ಲಿಷ್‌ನಲ್ಲಿ, ಸೀಲು ಸಹಿ ಸಮೇತ ತೆಗೆಸಿಟ್ಟುಕೊಳ್ಳಿ. ಮದುವೆ, ಮಗುವಿನ ಜ್ಞಾನಸ್ನಾನ ಏನೇ ಇದ್ದರೂ ಮೊದಲು ಅದನ್ನೇ ಕೇಳುತ್ತಾರೆ. ಅಲ್ಲಿಂದ ಫೋನ್ ಮಾಡಿ ಅಪ್ಪನನ್ನು ಚರ್ಚ್ ಆಫೀಸಿಗೆ ಓಡಾಡಿಸುವ ಬದಲು ನೀವೇ ಹೋಗಿ ಬನ್ನಿ.