ಹೋಗದ ಕಲೆಯೇ ನನ್ನ ಬಣ್ಣ

ಮದುವೆಯಾಗಿ ಕೊಪ್ಪದ ಕಡೆ ಬಂದ ಮೊದಲ ವರ್ಷ. ಅಡಿಕೆ ಕೊಯ್ಲು ಜೋರಾಗಿತ್ತು. ರಾತ್ರಿ ಸುಲಿತ, ಬೆಳಗ್ಗೆ ಬೇಯಿಸೋದು. ನಾನು ಹೊಸ ಕಾಟನ್ ಸೀರೆ ಉಟ್ಟುಕೊಂಡು ಒಲೆ ಹತ್ತಿರ ನಿಂತು ನೋಡುತ್ತಿದ್ದೆ. ಹಂಡೆಯಿಂದ ಅಡಿಕೆ ಎತ್ತುವಾಗ ಚೊಗರು ಹಾರಿ ಸೆರಗಿನ ಮೇಲೆ ಬಿತ್ತು. ಅಡಿಕೆ ಬೆಂದ ನೀರಿಗೆ ಇಲ್ಲಿ ಚೊಗರು ಅಂತಾರೆ. ಕಡು ಕೆಂಪು, ನಾಲಿಗೆಗೆ ತಾಗಿದರೆ ಬಾಯೆಲ್ಲ ಒಗರು. ಅತ್ತೆ ನೋಡಿ, "ಇನ್ನು ಅದು ಹೋಗಲ್ಲ, ಬಿಡು" ಅಂದರು.

ನಾನು ಬಿಡಲಿಲ್ಲ. ಸೋಪು ಹಾಕಿದೆ, ನಿಂಬೆಹಣ್ಣು ತಿಕ್ಕಿದೆ, ಎರಡು ದಿನ ಬಿಸಿಲಲ್ಲಿ ಹರವಿದೆ. ಕಲೆ ಹೋಗುವುದಿರಲಿ, ಬಿಸಿಲಿಗೆ ಇನ್ನೂ ಗಾಢವಾಯಿತು. ಮೂರನೇ ದಿನ ಆ ಸೆರಗನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಾಗ ಹೊಳೆಯಿತು: ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಸೀರೆಯ ಬಣ್ಣ ನಾಲ್ಕು ಒಗೆತಕ್ಕೆ ಮಾಸುತ್ತದೆ, ಇದು ಮಾತ್ರ ಕದಲುತ್ತಿಲ್ಲ. ಹಾಗಾದರೆ ಇಡೀ ಸೀರೆಯನ್ನೇ ಇದರಲ್ಲಿ ಅದ್ದಿದರೆ?

ಅಲ್ಲಿಂದ ಶುರುವಾದ ಹವ್ಯಾಸಕ್ಕೆ ಈಗ ಒಂಬತ್ತು ವರ್ಷ. ನಮ್ಮ ಮನೆಯ ಪರದೆ, ದಿಂಬಿನ ಚೀಲ, ಮಂಚದ ಮೇಲಿನ ಕೌದಿ, ಮಗಳ ಎರಡು ಲಂಗ, ಎಲ್ಲಕ್ಕೂ ಬಣ್ಣ ಬಂದಿದ್ದು ಹಿತ್ತಲಿಂದ, ಅಡುಗೆ ಮನೆಯಿಂದ, ತೋಟದಿಂದ. ಹೇಗೆ ಮಾಡಿದೆ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ತೆಂಗಿನ ಸೀಮೆ. ಎಳನೀರು ಕೊಚ್ಚುವಾಗ ಸಿಪ್ಪೆಯ ರಸ ಅಂಗಿ ಮೇಲೆ ಬಿದ್ದರೆ ಆ ಅಂಗಿ ತೋಟದ ಅಂಗಿಯಾಗುತ್ತಿತ್ತು, ಮತ್ತೆ ಶಾಲೆಗೆ ಹಾಕುವ ಹಾಗಿರಲಿಲ್ಲ. ಮಲೆನಾಡಿಗೆ ಬಂದರೆ ಇಲ್ಲಿ ಅಡಿಕೆ, ಬಾಳೆ ಸೊನೆ. ಇವೆಲ್ಲ ಒಗರಿನ ವಸ್ತುಗಳು. ಆ ಒಗರಿಗೆ ಕಾರಣ ಟ್ಯಾನಿನ್. ಅದು ಹತ್ತಿ ನೂಲನ್ನು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಇದು ಗೊತ್ತಾಗುವ ಮೊದಲು ನಾನು ಎಲ್ಲರ ಹಾಗೆ ಬೀಟ್‌ರೂಟ್, ಅರಿಶಿನದ ಹಿಂದೆ ಹೋಗಿದ್ದೆ. ಬೀಟ್‌ರೂಟ್ ಪಾತ್ರೆಯಲ್ಲಿ ನೋಡಲು ಎಷ್ಟು ಚಂದ! ಮೊದಲನೇ ಒಗೆತಕ್ಕೇ ನೀರಲ್ಲಿ ಹೋಯಿತು. ಅರಿಶಿನದ ಬಟ್ಟೆಗೆ ಸೋಪು ತಾಗಿದ ಕಡೆಯೆಲ್ಲ ಕೆಂಪಾಯಿತು. ಸುಣ್ಣ ಬೆರೆಸಿದ ಓಕುಳಿ ಕೆಂಪಾಗುತ್ತಲ್ಲ, ಅದೇ ಕಥೆ. ಉಳಿದಿದ್ದನ್ನು ಬಿಸಿಲು ತಿಂದಿತು. ದಾಸವಾಳವೂ ಅಷ್ಟೇ. ಕಣ್ಣಿಗೆ ಹೊಡೆಯುವ ಬಣ್ಣ ಇದ್ದರೆ ಸಾಲದು. ಅದು ಬಟ್ಟೆಯಲ್ಲಿ ನಿಲ್ಲಬೇಕು.

ಹಾಗಾಗಿ ಈಗ ಯಾವ ಹೊಸ ಎಲೆ, ಸಿಪ್ಪೆ ಸಿಕ್ಕರೂ ಮೊದಲು ಒಂದು ಅಂಗೈ ಅಗಲದ ಚೂರಿಗೆ ಬಣ್ಣ ಹಾಕುತ್ತೇನೆ. ಅರ್ಧ ಭಾಗವನ್ನು ದಪ್ಪ ಪುಸ್ತಕದೊಳಗೆ ಸೇರಿಸಿ, ಉಳಿದ ಅರ್ಧ ಹೊರಗೆ ಕಾಣುವ ಹಾಗೆ ಕಿಟಕಿಯಲ್ಲಿ ಇಡುತ್ತೇನೆ. ಹದಿನೈದು ದಿನ ಬಿಟ್ಟು ತೆಗೆದು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಅರಿಶಿನದ ಚೂರಲ್ಲಿ ಗೆರೆ ಎಳೆದ ಹಾಗೆ ಒಂದು ಕಡೆ ಹಳದಿ, ಇನ್ನೊಂದು ಕಡೆ ಬಿಳಿ. ಚೊಗರಿನ ಚೂರಲ್ಲಿ ಬಿಸಿಲು ಕಂಡ ಕಡೆಯೇ ಜಾಸ್ತಿ ಗಾಢ.

ಬಟ್ಟೆಯ ವಿಷಯ ಮೊದಲು ಹೇಳಬೇಕು. ಹೊಸ ಬಟ್ಟೆಗಿಂತ ಹಳೆಯದು ಒಳ್ಳೆಯದು. ನನಗೆ ಸಿಕ್ಕ ಅತ್ಯುತ್ತಮ ಬಟ್ಟೆ ಅಂದರೆ ಮಾವನವರ ಹಳೆಯ ಪಂಚೆ. ನೂರಾರು ಸಲ ಒಗೆದು ಒಗೆದು ಗಂಜಿಯೆಲ್ಲ ಹೋಗಿ ಬೆಣ್ಣೆಯ ಹಾಗಾಗಿರುತ್ತದೆ. ಬಣ್ಣ ಸಮನಾಗಿ ಕುಡಿಯುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆ ಇದಕ್ಕೆ ಆಗುವುದಿಲ್ಲ. ಅನುಮಾನ ಬಂದರೆ ಅಂಚಿನ ಒಂದು ಎಳೆ ತೆಗೆದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹಳೆಯದೇ ಆದರೂ ಒಂದು ಸಲ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ ಒಗೆಯಲೇಬೇಕು. ಬಿಳಿ ಪಂಚೆಯಿಂದ ಹಳದಿ ನೀರು ಹೊರಡುವುದನ್ನು ಮೊದಲ ಸಲ ನೋಡಿ ನನಗೆ ಆಶ್ಚರ್ಯವಾಗಿತ್ತು. ಅಷ್ಟು ವರ್ಷದ ಬೆವರು, ಎಣ್ಣೆ, ಸೋಪು ಅದು. ಇದೊಂದು ಹಂತ ತಪ್ಪಿಸಿದರೆ ಬಣ್ಣ ತೇಪೆ ತೇಪೆ ಆಗುತ್ತದೆ.

ಚೊಗರಿಗೆ ಇಷ್ಟಾದರೆ ಸಾಕು. ಕೊಯ್ಲು ಮುಗಿಯುವ ಹೊತ್ತಿಗೆ ಹತ್ತಾರು ಸಲ ಅಡಿಕೆ ಬೆಂದ ಚೊಗರು ಗಟ್ಟಿಯಾಗಿರುತ್ತದೆ. ಅದನ್ನೇ ಡಬ್ಬಿಗಳಲ್ಲಿ ತುಂಬಿಟ್ಟುಕೊಳ್ಳುತ್ತೇನೆ. ಒಂದು ಪಂಚೆಗೆ ಒಂದು ಲೀಟರ್ ಗಟ್ಟಿ ಚೊಗರು, ಏಳೆಂಟು ಲೀಟರ್ ನೀರು. ಬಚ್ಚಲೊಲೆಯ ಮೇಲೆ ಹಳೆಯ ಸ್ಟೀಲ್ ಕೊಳಗ ಇಟ್ಟು, ಹಸಿ ಮಾಡಿದ ಬಟ್ಟೆ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ. ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಆಮೇಲೆ ಒಲೆಯ ಬೂದಿ ಬಿಸಿಯಲ್ಲೇ ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ತೆಗೆದರೆ ಹದವಾದ ಕಂದು.

ಇದರ ಮುಂದಿನ ಹೆಜ್ಜೆ ಕಲಿತಿದ್ದು ಅತ್ತೆಯ ಎಲೆ-ಅಡಿಕೆ ತಟ್ಟೆಯಿಂದ. ಬರೀ ಅಡಿಕೆ ಜಗಿದರೆ ಬಾಯಿ ಅಷ್ಟು ಕೆಂಪಾಗುವುದಿಲ್ಲ, ಸುಣ್ಣ ಸೇರಿದಾಗಲೇ ಕೆಂಪು. ಬಟ್ಟೆಗೂ ಇದೇ ಯಾಕಾಗಬಾರದು ಅನ್ನಿಸಿತು. ಒಂದು ಬಕೆಟ್ ನೀರಿಗೆ ಎರಡು ಚಮಚ ತಿನ್ನುವ ಸುಣ್ಣ ಕದಡಿ, ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಬೇರೆ ಬಕೆಟ್‌ಗೆ ಬಸಿದುಕೊಂಡೆ. ಕಂದು ಪಂಚೆಯನ್ನು ಅದರಲ್ಲಿ ಮುಳುಗಿಸಿದೆ. ಅಂಚಿನಿಂದ ಕೆಂಪು ಏರುತ್ತಾ ಬಂತು. ಒಂದು ನಿಮಿಷದಲ್ಲಿ ಇಡೀ ಬಟ್ಟೆ ಹಂಚಿನ ಬಣ್ಣಕ್ಕೆ ತಿರುಗಿತು. ಹೊಸದಾಗಿ ಸುಟ್ಟ ಮಂಗಳೂರು ಹಂಚು ಇರುತ್ತಲ್ಲ, ಅದೇ. ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ಮಾರನೇ ದಿನ ತಮ್ಮ ಟ್ರಂಕಿನಿಂದ ಎರಡು ಹಳೆಯ ಬಿಳಿ ಸೀರೆ ತಂದು ನನ್ನ ಮುಂದೆ ಇಟ್ಟರು.

ಚೊಗರಿನ ಬಣ್ಣ ನಾನು ಕಂಡುಹಿಡಿದಿದ್ದೇನಲ್ಲ. ಸಾಗರದ ಹತ್ತಿರ ಚರಕ ಮಹಿಳಾ ಸಹಕಾರಿಯವರು ಚೊಗರಿನಂತಹ ಬಣ್ಣಗಳಲ್ಲೇ ಕೈಮಗ್ಗದ ಬಟ್ಟೆ ಮಾಡುತ್ತಾ ಬಂದಿದ್ದಾರೆ. ಅವರ ಒಂದು ಜುಬ್ಬ ನಮ್ಮ ಮನೆಯಲ್ಲಿದೆ. ನನ್ನ ಬಣ್ಣ ಸರಿ ಬಂತೋ ಇಲ್ಲವೋ ಅಂತ ಇವತ್ತಿಗೂ ಅದರ ಪಕ್ಕ ಹಿಡಿದು ನೋಡುತ್ತೇನೆ.

ಒಗರಿಲ್ಲದ ಬಣ್ಣಗಳಿಗೆ ಕೆಲಸ ಜಾಸ್ತಿ. ಹಲಸಿನ ಚಕ್ಕೆ, ಚೆಂಡು ಹೂವು ಇಂಥವು ಹತ್ತಿಗೆ ತಾವಾಗಿ ಅಂಟುವುದಿಲ್ಲ. ಪಟಿಕ ಬೇಕು. ಆದರೆ ಪಟಿಕವೂ ಹತ್ತಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಅದನ್ನು ಹಿಡಿದುಕೊಳ್ಳಲು ಮೊದಲು ಒಗರು ಕೂರಿಸಬೇಕು. ನಾನು ಅಳಲೆಕಾಯಿ ಪುಡಿ ಬಳಸುತ್ತೇನೆ. ಅರ್ಧ ಕೆಜಿ ಒಣ ಬಟ್ಟೆಗೆ 100 ಗ್ರಾಂ ಅಳಲೆ ಪುಡಿ, ಬಿಸಿನೀರಲ್ಲಿ ಕಲಸಿ ರಾತ್ರಿ ನೆನೆಹಾಕಿ ಹಿಂಡಿ ಒಣಗಿಸುವುದು. ಮಾರನೇ ದಿನ 75 ಗ್ರಾಂ ಪಟಿಕ ಕರಗಿಸಿದ ನೀರಲ್ಲಿ ಮತ್ತೊಂದು ರಾತ್ರಿ. ಮೂರನೇ ದಿನ ಬಣ್ಣ. ಮೂರು ದಿನವಾ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ, ಇಡ್ಲಿ ಹಿಟ್ಟಿಗೂ ಒಂದು ರಾತ್ರಿ ಬೇಕಲ್ವಾ? ಕೂತು ಕಾಯುವುದೇನಿಲ್ಲ. ಮಲಗುವ ಮುಂಚೆ ನೆನೆಹಾಕಿದರೆ ಆಯಿತು.

ಹಲಸಿನ ಮರದ ತಿರುಳು ಹಳದಿ ಇರುವುದು ಬಾಗಿಲು ಮಾಡಿಸಿದವರಿಗೆಲ್ಲ ಗೊತ್ತು. ಬರ್ಮಾ, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಇದರದ್ದೇ ಬಣ್ಣ ಹಾಕುತ್ತಿದ್ದರು. ನಮ್ಮ ಕೊಟ್ಟಿಗೆ ಕಟ್ಟುವಾಗ ಬಡಗಿ ಕೆತ್ತಿ ಎಸೆದ ಚಕ್ಕೆಯನ್ನು ಎರಡು ಚೀಲ ತುಂಬಿಟ್ಟೆ. ಬಟ್ಟೆಯಷ್ಟೇ ತೂಕದ ಚಕ್ಕೆ, ರಾತ್ರಿ ನೆನೆಸಿ, ಒಂದು ಗಂಟೆ ಕುದಿಸಿ ಸೋಸಿದರೆ ಜೇನಿನ ಬಣ್ಣದ ನೀರು. ಬಟ್ಟೆಗೆ ಮಾಗಿದ ಬಾಳೆಹಣ್ಣಿನ ಹಳದಿ ಬರುತ್ತದೆ. ಎರಡನೇ ಸಲ ಮಾಡುವಾಗ ಸ್ಟೀಲ್ ಕೊಳಗ ಬೇರೆ ಕೆಲಸದಲ್ಲಿತ್ತು ಅಂತ ಕಬ್ಬಿಣದ ಬಾಣಲೆಯಲ್ಲಿ ಹಾಕಿಬಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹಳದಿ ಹೋಗಿ ಕೆಸರು ಹಸಿರು. ಮೂರು ದಿನದ ಕೆಲಸ. ಬಚ್ಚಲ ಕಟ್ಟೆ ಮೇಲೆ ಕೂತು ಅತ್ತಿದ್ದೆ. ಅಳಲೆಯ ಒಗರು, ಬಾಣಲೆಯ ಕಬ್ಬಿಣ ಸೇರಿ ಕಪ್ಪು ಹುಟ್ಟಿ ಹಳದಿಯನ್ನು ಮುಸುಕಿತ್ತು. ಅದರ ಕಾರಣ ತಿಳಿದ ಮೇಲೆ ಅದೇ ನನಗೆ ಒಂದು ಹೊಸ ಬಣ್ಣವಾಯಿತು. ಈಗ ಆ ಹಸಿರು ಬೇಕು ಅಂತಲೇ ಬಾಣಲೆ ಇಡುತ್ತೇನೆ. ಮಳೆಗಾಲದಲ್ಲಿ ಅಡಿಕೆ ಮರದ ಬುಡಕ್ಕೆ ಕಟ್ಟುವ ಪಾಚಿಯ ಹಸಿರು ಅದು.

ಆ ಕಬ್ಬಿಣದಿಂದಲೇ ಕರಿ ಶಾಯಿಯನ್ನೂ ಕಲಿತೆ. ಆಂಧ್ರದ ಕಲಂಕಾರಿಯವರು ಮಾಡುವ ಕ್ರಮ ಇದು. ತುಕ್ಕು ಹಿಡಿದ ಮೊಳೆ, ಮುರಿದ ಕತ್ತಿ ಚೂರು, ಒಂದು ಅಚ್ಚು ಬೆಲ್ಲ, ನೀರು. ಮಣ್ಣಿನ ಮಡಕೆಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಮೂರು ವಾರ ಬಿಟ್ಟರೆ ಹುಳಿ ವಾಸನೆಯ ತಿಳಿ ಕಂದು ನೀರಾಗುತ್ತದೆ. ಬಿದಿರು ಕಡ್ಡಿಯ ತುದಿಗೆ ಹತ್ತಿ ಬಟ್ಟೆ ಸುತ್ತಿ, ಅದ್ದಿ, ಅಳಲೆ ಹಾಕಿ ಒಣಗಿಸಿದ ಬಟ್ಟೆಯ ಮೇಲೆ ಗೆರೆ ಎಳೆಯಬೇಕು. ಎಳೆಯುವಾಗ ಮಾಸಲು ಬೂದಿ ಬಣ್ಣ. ಕಡ್ಡಿ ಮುಂದೆ ಹೋದಂತೆ ಹಿಂದಿನ ಗೆರೆ ಕಪ್ಪಾಗುತ್ತಾ ಬರುತ್ತದೆ. ಎಷ್ಟು ಸಲ ಮಾಡಿದರೂ ಆ ಕ್ಷಣಕ್ಕೆ ನನ್ನ ಉಸಿರು ನಿಲ್ಲುತ್ತದೆ. ತವರಿಗೆ ಹೋದಾಗ ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ಗುಡಿಯ ಗೋಡೆಯ ಹಂಸದ ಸಾಲು ನೋಟ್‌ಬುಕ್ಕಿಗೆ ಬರೆದುಕೊಂಡು ಬಂದಿದ್ದೆ. ಆನೆ ಸಾಲು ಕೆಳಗೆ, ಹಂಸದ ಸಾಲು ಮೇಲೆ. 900 ವರ್ಷದ ಹಿಂದೆ ಬಳಪದ ಕಲ್ಲಲ್ಲಿ ಕೆತ್ತಿದ್ದು, ಒಂದೊಂದು ಹಂಸದ ಕತ್ತೂ ಬೇರೆ ಬೇರೆ ಬಾಗು. ಅದೇ ಸಾಲು ಈಗ ನಮ್ಮ ಜಗಲಿಯ ಪರದೆಯ ಅಂಚಲ್ಲಿದೆ. ಕಬ್ಬಿಣದ ನೀರು ಜಾಸ್ತಿಯಾದರೆ ವರ್ಷ ಕಳೆದಂತೆ ಬಟ್ಟೆ ಗೆರೆಯ ಉದ್ದಕ್ಕೂ ಹರಿಯುತ್ತದೆ. ಅದಕ್ಕೆ ಗೆರೆ ತೆಳುವಾಗಿ ಎಳೆದು, ಒಣಗಿದ ಮೇಲೆ ಹರಿಯುವ ನೀರಲ್ಲಿ ಚೆನ್ನಾಗಿ ಜಾಲಿಸಬೇಕು.

ಈರುಳ್ಳಿ ಸಿಪ್ಪೆ ಎಲ್ಲರಿಗೂ ಸುಲಭ. ಕೂಡಿಡಲು ಮಾತ್ರ ತಿಂಗಳುಗಟ್ಟಲೆ ಬೇಕು, ತೂಕವೇ ಇರುವುದಿಲ್ಲ. ಕಾಫಿ ನಾಡಲ್ಲಿದ್ದು ಕಾಫಿ ಬಣ್ಣ ಮಾಡಲ್ವಾ ಅಂತಾರೆ. ಮಾಡಿದ್ದೇನೆ. ಫಿಲ್ಟರಿನ ಚರಟದಿಂದ ತೆಳು ಗೋಧಿ ಬಣ್ಣ ಬರುತ್ತದೆ, ಅಷ್ಟೇ. ನನಗೆ ಕಾಫಿ ಲೋಟದಲ್ಲೇ ಇಷ್ಟ.

ನೀರಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಬೇಸಿಗೆಯಲ್ಲಿ ಇಲ್ಲಿಂದಲೇ ಪಂಚೆಯ ಚೂರು, ಈರುಳ್ಳಿ ಸಿಪ್ಪೆ, ಪಟಿಕ ಕಟ್ಟಿಕೊಂಡು ತವರಿಗೆ ಹೋಗಿದ್ದೆ. ಅಮ್ಮನಿಗೆ ಮಾಡಿ ತೋರಿಸುವ ಆಸೆ. ಇಲ್ಲಿ ಹೊನ್ನಿನ ಹಳದಿ ಬರುತ್ತಿದ್ದದ್ದು ಅಲ್ಲಿ ಮಂಕಾದ ಕಿತ್ತಳೆ ಕಂದಾಯಿತು. ತೂಕ ಅದೇ, ಸಮಯ ಅದೇ. ಬದಲಾಗಿದ್ದು ನೀರು ಒಂದೇ. ಇಲ್ಲಿ ಗುಡ್ಡದಿಂದ ಬರುವ ಅಬ್ಬಿ ನೀರು, ಸೋಪು ತಾಗಿದರೆ ನೊರೆ ಏಳುತ್ತದೆ. ಅಲ್ಲಿ ಬೋರ್‌ವೆಲ್, ಪಾತ್ರೆ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರು. ನೀರಲ್ಲಿರುವ ಸುಣ್ಣ, ಕಬ್ಬಿಣದ ಅಂಶ ಎಲ್ಲ ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಅಮ್ಮ ಆ ಕಂದನ್ನೇ ಇಷ್ಟಪಟ್ಟರು. "ನಮ್ಮ ಹೊಲದ ಮಣ್ಣಿನ ಹಾಗಿದೆ" ಅಂದರು. ಮಾರನೇ ದಿನ ಎಳನೀರು ಸಿಪ್ಪೆ ಜಜ್ಜಿ ಕುದಿಸಿ ಇಬ್ಬರೂ ಕೂತು ಗುಲಾಬಿ ಕಂದು ತೆಗೆದೆವು. ಅಮ್ಮನ ಕೈ ವಾರವಿಡೀ ಅದೇ ಬಣ್ಣ.

ಬಣ್ಣ ಹಾಕಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ, ಒಂದು ವಾರ ಮುಟ್ಟದೆ ಬಿಟ್ಟು, ಆಮೇಲೆ ಒಗೆಯಿರಿ. ಒಗೆಯಲು ಅಂಟುವಾಳ ಕಾಯಿ ಸಾಕು. ಸೋಡಾ ಇರುವ ಪುಡಿ ಬೇಡ, ಬಣ್ಣ ಹೊರಳುತ್ತದೆ. ಬಣ್ಣದ ಪಾತ್ರೆ, ಸೌಟು ಮತ್ತೆ ಅಡುಗೆಗೆ ಬರಬಾರದು. ನಮ್ಮಲ್ಲಿ ಅವಕ್ಕೆ ಕೆಂಪು ದಾರ ಕಟ್ಟಿದ್ದೇನೆ.

ಈಗ ಆಟಿಯ ಮಳೆ ಹಿಡಿದಿದೆ. ಬಟ್ಟೆ ಒಣಗುವುದಿಲ್ಲ, ಹಾಗಾಗಿ ಬಣ್ಣದ ಕೆಲಸವಿಲ್ಲ, ಹೊಲಿಗೆಯ ಕೆಲಸ. ಒಂಬತ್ತು ವರ್ಷದಿಂದ ಕೂಡಿಟ್ಟ ಚೂರುಗಳನ್ನೆಲ್ಲ ಸೇರಿಸಿ ಮಗಳಿಗೆ ಒಂದು ಕೌದಿ ಹೊಲಿಯುತ್ತಿದ್ದೇನೆ. ಮಾವನ ಪಂಚೆಯ ಹಂಚು ಕೆಂಪು, ಬಾಣಲೆಯ ಪಾಚಿ ಹಸಿರು, ಈ ಮನೆಯ ಈರುಳ್ಳಿ ಹಳದಿ, ಅದರ ಪಕ್ಕಕ್ಕೇ ತವರಿನ ಈರುಳ್ಳಿ ಕಂದು. ನಡುವಿನ ಚೌಕ ನನ್ನ ಮೊದಲ ವರ್ಷದ ಸೆರಗು, ಆ ಚೊಗರಿನ ಕಲೆ ಇರುವ ಜಾಗ. ಅತ್ತೆ ಜಗಲಿಯಲ್ಲಿ ಕೂತು ಒಂದು ಕಡೆಯಿಂದ ದಾರ ಹಾಕುತ್ತಾರೆ, ನಾನು ಇನ್ನೊಂದು ಕಡೆಯಿಂದ. ಅಂಚಿಗೆ ಇನ್ನೂ ಒಂದು ಗೇಣು ಕೆಂಪು ಸಾಲದು. ಅದಕ್ಕೆ ದೀಪಾವಳಿ ಹೊತ್ತಿನ ಹೊಸ ಚೊಗರು ಬರಬೇಕು.