ಬ್ಯಾಟರಿ ಚೆನ್ನಾಗಿದ್ದೂ ಸ್ಟಾರ್ಟ್ ಆಗದ ಕಾರು: ಅರ್ಥ್ ದೋಷ ಹಿಡಿದ ನನ್ನ ಅನುಭವ

ಬ್ಯಾಟರಿ ಹೊಸದು, ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರ್ ಬದಲಾಯಿಸಿದ್ದಾಗಿದೆ, ಇಗ್ನಿಷನ್ ಸ್ವಿಚ್ಚನ್ನೂ ಬಿಚ್ಚಿ ನೋಡಿದ್ದಾಗಿದೆ. ಆದರೂ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ಮಾತ್ರ ಅಲುಗುವುದಿಲ್ಲ. ನಾಲ್ಕು ಸಿಲಿಂಡರಿನ ಆ ಪೆಟ್ರೋಲ್ ಕಾರು ನನ್ನ ಕೈಗೆ ಬಂದದ್ದು ಇಂಥ ಸ್ಥಿತಿಯಲ್ಲಿ. ದೋಷವಿರುವುದು ಅರ್ಥ್ ಕಡೆಯಲ್ಲಿ, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯಲ್ಲಿ, ಎಂದು ನಾನು ಹೇಳಿದಾಗ ಅನುಭವಸ್ಥರಾದ ಇಬ್ಬರು ಮೆಕ್ಯಾನಿಕ್‌ಗಳು ಒಪ್ಪಲಿಲ್ಲ. ಹೆಡ್‌ಲೈಟ್ ಇಷ್ಟು ಚೆನ್ನಾಗಿ ಉರಿಯುವಾಗ ಅರ್ಥ್ ಕೆಟ್ಟಿರುವುದು ಹೇಗೆ ಎಂಬುದು ಅವರ ಪ್ರಶ್ನೆ.

ಎರಡೂ ಹೆಡ್‌ಲೈಟ್ ಸೇರಿ ಎಳೆಯುವುದು ಹೆಚ್ಚೆಂದರೆ 10 ಆಂಪಿಯರ್. ಸೆಲ್ಫ್ ಎಳೆಯುವುದು 150ರ ಆಸುಪಾಸು, ತಿರುಗಲು ಶುರುವಾಗುವ ಕ್ಷಣದಲ್ಲಂತೂ ಅದಕ್ಕಿಂತ ಬಹಳ ಹೆಚ್ಚು. ದಾರಿಯಲ್ಲಿ 0.02 ಓಮ್ ಪ್ರತಿರೋಧ ಸೇರಿಕೊಂಡರೆ ಲೈಟಿಗೆ ನಷ್ಟವಾಗುವುದು 0.2 ವೋಲ್ಟ್, ಸೆಲ್ಫ್‌ಗೆ 3 ವೋಲ್ಟ್. ಅಲ್ಲದೆ ಲೈಟಿನ ಅರ್ಥ್ ಬಾಡಿಗೆ ಸೇರಿದರೆ ಸೆಲ್ಫ್‌ನ ಅರ್ಥ್ ಎಂಜಿನ್ ಬ್ಲಾಕಿನ ಮೂಲಕ ಬರುತ್ತದೆ. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿನ ಮೇಲಾದ್ದರಿಂದ, ಈ ಕಾರಿನಲ್ಲಿ ಬಾಡಿಗೂ ಬ್ಲಾಕಿಗೂ ಇದ್ದ ಸರಿಯಾದ ಸಂಬಂಧ ಒಂದೇ ಒಂದು ಅರ್ಥ್ ಪಟ್ಟಿ.

ನಾನು ಮಾಡಿದ್ದು ಇಷ್ಟು. ಎಂಜಿನ್ ಸ್ಟಾರ್ಟ್ ಆಗದಿರಲೆಂದು ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೀಲಿ ತಿರುಗಿಸಿ ಹಿಡಿದ ಎರಡು ಮೂರು ಸೆಕೆಂಡಿನಲ್ಲಿ ಒಂದೊಂದು ತುಂಡಿನ ಮೇಲೂ ಎಷ್ಟು ವೋಲ್ಟ್ ಬೀಳುತ್ತದೆ ಎಂದು ನೋಡಿದೆ. ಮೀಟರಿನ ಪ್ರೋಬ್ (ಅಳೆಯುವ ಮೊನೆ) ಇಡಬೇಕಾದದ್ದು ಬ್ಯಾಟರಿಯ ಪೋಸ್ಟಿನ ಮೇಲೆ, ಅದನ್ನು ಹಿಡಿದಿರುವ ಕೇಬಲ್ಲಿನ ಕ್ಲಾಂಪಿನ ಮೇಲಲ್ಲ. ಕ್ಲಾಂಪಿನ ಮೇಲಿಟ್ಟರೆ, ಕ್ಲಾಂಪಿಗೂ ಪೋಸ್ಟಿಗೂ ನಡುವೆ ಇರುವ ದೋಷ ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ ಯಾರೂ ಇಲ್ಲದಾಗ ಪ್ರೋಬ್ ಜಾರದಂತೆ ಇರಿಸಿ ಸೀಟಿನಲ್ಲಿ ಕುಳಿತೇ ಮೀಟರ್ ಓದಲು ನನ್ನದೊಂದು ಏರ್ಪಾಡಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಸುಮ್ಮನಿದ್ದಾಗ 12.6 ಇದ್ದ ಬ್ಯಾಟರಿ ಕೀಲಿ ತಿರುಗಿಸಿದಾಗ 11.5ರ ಹತ್ತಿರ ನಿಂತಿತು. ನನಗೆ ಮೊದಲ ಸುಳಿವು ಸಿಕ್ಕಿದ್ದೇ ಇಲ್ಲಿ. ಸೆಲ್ಫ್ ಒಳಗೇ ಬಿಗಿದುಕೊಂಡಿದ್ದರೆ ಬ್ಯಾಟರಿ 9ಕ್ಕಿಂತಲೂ ಕೆಳಗೆ ಕುಸಿಯಬೇಕಿತ್ತು. ಕುಸಿಯಲಿಲ್ಲ ಎಂದರೆ ಕರೆಂಟು ಹೋಗಬೇಕಾದಷ್ಟು ಹೋಗುತ್ತಿಲ್ಲ. ಪಾಸಿಟಿವ್ ಕಡೆ ಬಿದ್ದದ್ದು 0.4 ವೋಲ್ಟ್; 0.5ರವರೆಗೆ ನಡೆಯುತ್ತದೆ. ಅರ್ಥ್ ಕಡೆ 0.2 ದಾಟಬಾರದು, ಇಲ್ಲಿ ನೆಗೆಟಿವ್ ಪೋಸ್ಟಿನಿಂದ ಬ್ಲಾಕಿಗೆ ಸುಮಾರು 6 ವೋಲ್ಟ್ ತೋರಿಸಿತು. ಅದರಲ್ಲಿ ಪೋಸ್ಟಿನಿಂದ ಬಾಡಿಯವರೆಗಿನ ಪಾಲು ಏನೂ ಇಲ್ಲವೆನ್ನುವಷ್ಟು. ಉಳಿದದ್ದೆಲ್ಲ ಆ ಒಂದು ಪಟ್ಟಿಯಲ್ಲೇ ನಷ್ಟವಾಗುತ್ತಿತ್ತು.

ಇಗ್ನಿಷನ್ ಸ್ವಿಚ್ ಬಿಚ್ಚಿದ್ದರ ಹಿಂದಿನ ಕಾರಣವೂ ಆಗ ಹೊಳೆಯಿತು. ಮೀಟರಿನ ಕಪ್ಪು ಪ್ರೋಬನ್ನು ಬ್ಲಾಕಿನ ಮೇಲಿಟ್ಟು ಸೊಲೆನಾಯ್ಡಿನ (ಸೆಲ್ಫ್‌ಗೆ ಕರೆಂಟು ಕೊಡುವ ವಿದ್ಯುತ್ಕಾಂತದ ಸ್ವಿಚ್ಚಿನ) 50ನೇ ಟರ್ಮಿನಲ್, ಅಂದರೆ ಕೀಲಿಯಿಂದ ಕರೆಂಟು ಬರುವ ತುದಿ, ಅಳೆದರೆ 5 ವೋಲ್ಟಿನ ಆಸುಪಾಸು ಕಾಣುತ್ತದೆ, ಸ್ವಿಚ್ಚೇ ಕೆಟ್ಟಂತೆ ತೋರುತ್ತದೆ. ಅದೇ ಕಪ್ಪು ಪ್ರೋಬನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ ತಂದಾಗ 11 ಬಂತು. ಬ್ಲಾಕಿನ ವೋಲ್ಟೇಜೇ 6ರಷ್ಟು ಮೇಲೆದ್ದು ಕುಳಿತಿರುವಾಗ ಅದನ್ನು ಸೊನ್ನೆ ಎಂದು ಹಿಡಿದು ಅಳೆದ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಪಟ್ಟಿಯ ಎರಡು ತುದಿಗಳನ್ನೂ ಎಮೆರಿ ಹಾಳೆಯಿಂದ ಉಜ್ಜಿ ಬಿಗಿದದ್ದು ಫಲಿಸಲಿಲ್ಲ. ಕಾರು ಕೆಲವು ದಿನ ನಡೆದು ಮತ್ತೆ ನಿಂತಿತು, ಅದೂ ಎಂಜಿನ್ ಬಿಸಿಯಾಗಿದ್ದಾಗ. ತಾಮ್ರದ ಪ್ರತಿರೋಧ ಒಂದು ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 60 ಡಿಗ್ರಿ ಏರಿದರೆ ಸೊಲೆನಾಯ್ಡಿನ ಸುರುಳಿಯ ಪ್ರತಿರೋಧ ಸುಮಾರು ಕಾಲು ಭಾಗ ಏರಿ, ಅದರ ಕರೆಂಟು ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ. ಮೊದಲೇ ವೋಲ್ಟೇಜ್ ಸಾಲದ ಕಡೆ ಇಷ್ಟು ಸಾಕು. ಕೊನೆಗೆ ಪಟ್ಟಿಯ ತುದಿಯ ಲಗ್ಗನ್ನು (ಬೋಲ್ಟಿಗೆ ಸೇರುವ ಲೋಹದ ತುಂಡನ್ನು) ಗರಗಸದಿಂದ ಸೀಳಿ ನೋಡಿದೆ. ಹೊರಗೆ ಹೊಳೆಯುತ್ತಿದ್ದ ಲಗ್ಗಿನೊಳಗೆ, ಕ್ರಿಂಪ್ ಮಾಡಿದ, ಅಂದರೆ ಅದುಮಿ ಹಿಡಿಸಿದ ಜಾಗದಲ್ಲಿ, ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಕೆಂಪಗೆ ಉಳಿದಿದ್ದವು ಬೆರಳೆಣಿಕೆಯಷ್ಟು. ಈ ಪಟ್ಟಿಯನ್ನು ಓಮ್ ಮೀಟರಿನಲ್ಲಿ ಹಿಡಿದರೆ, ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿದಷ್ಟೇ ತೋರಿಸುತ್ತಿತ್ತು. ಒಪ್ಪದಿದ್ದವರ ಎದುರು, ಸೀಳುವ ಮುನ್ನ, ಅದರ ಮೂಲಕವೇ ಒಂದು ಹೆಡ್‌ಲೈಟ್ ಬಲ್ಬನ್ನು ಪೂರ್ಣ ಬೆಳಕಿನಲ್ಲಿ ಉರಿಸಿ, ಬಳಿಕ ಜಂಪರ್ ಕೇಬಲ್ಲನ್ನು ನೆಗೆಟಿವ್ ಪೋಸ್ಟಿನಿಂದ ನೇರ ಬ್ಲಾಕಿಗೆ ಕೊಟ್ಟೆ. ಮೊದಲ ತಿರುವಿಗೇ ಎಂಜಿನ್ ಹತ್ತಿಕೊಂಡಿತು. ಅಲ್ಲಿಂದಾಚೆಗೆ ವಾದ ಬೆಳೆಯಲಿಲ್ಲ.

ಹಣದ ಮಾತನ್ನೂ ಹೇಳಬೇಕು. ಕಾರಿನ ಮಾಲೀಕರು ಬ್ಯಾಟರಿಗೆ, ಸೆಲ್ಫ್‌ಗೆ, ಅದಕ್ಕೂ ಹಿಂದೆ ಬಿಗಿಯಾಯಿತೆಂದು ಕ್ಲಚ್ ಕೇಬಲ್ಲಿಗೆ ತೆತ್ತಾಗಿತ್ತು. ಈ ಮೂರನೆಯದೇ ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿಯಾಗಿತ್ತು. ಪಟ್ಟಿಯಲ್ಲಿ ದಾರಿ ಸಿಗದ ಕರೆಂಟು ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿ ಹಿಡಿದು ಹೋಗುತ್ತದೆ, ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗುತ್ತದೆ, ತಂತಿ ಹಿಡಿದುಕೊಳ್ಳುತ್ತದೆ. ಸೆಲ್ಫ್ ಹೊಡೆದ ಮರುಕ್ಷಣ ನಾನು ಹೊಸ ಕೇಬಲ್ಲನ್ನು ಮುಟ್ಟಿ ನೋಡಿದಾಗ ಅದೂ ಬೆಚ್ಚಗಿತ್ತು. ನಾನು ಹಾಕಿದ 35 ಚದರ ಮಿಲಿಮೀಟರಿನ, ತವರ ಲೇಪಿಸಿದ ತಾಮ್ರದ ಪಟ್ಟಿಗೆ ತಗುಲಿದ ಖರ್ಚು ಸೆಲ್ಫ್‌ನ ಬೆಲೆಯಲ್ಲಿ ಇಪ್ಪತ್ತನೇ ಒಂದು ಪಾಲೂ ಇರಲಾರದು. ಕ್ರಿಂಪ್ ಮಾಡುವ ಮೊದಲು ಲಗ್ಗಿನೊಳಗೆ ನಾನೊಂದು ವಸ್ತು ಸವರುತ್ತೇನೆ. ಅದು ನನ್ನಲ್ಲೇ ಇರಲಿ.

ಪಟ್ಟಿ ಹಾಕಿದ ಮೇಲೆ ಅರ್ಥ್ ಕಡೆಯ ನಷ್ಟ 0.1 ವೋಲ್ಟಿನ ಒಳಗೆ ಇಳಿಯಿತು, ಎಂಜಿನ್ ತಿರುಗುವಾಗ ಬ್ಯಾಟರಿ 10.8ರಲ್ಲಿ ನಿಂತಿತು. ವರ್ಷದ ಮೇಲಾಯಿತು, ಬಿಸಿಯಲ್ಲೂ ತಣ್ಣಗಿದ್ದಾಗಲೂ ತಕರಾರಿಲ್ಲ. ಪಾಸಿಟಿವ್ ಕಡೆಯ ಆ 0.4 ಮಾತ್ರ ನನಗೆ ಸಮಾಧಾನ ತಂದಿಲ್ಲ. ಅದನ್ನು ಅಳೆದದ್ದು ಕಡಿಮೆ ಕರೆಂಟು ಹರಿಯುತ್ತಿದ್ದಾಗ. ಮುಂದಿನ ಸರ್ವಿಸಿನಲ್ಲಿ ಮತ್ತೆ ಅಳೆದು, ಹೆಚ್ಚಾಗಿದ್ದರೆ ಆ ಕೇಬಲ್ಲನ್ನೂ ಬದಲಾಯಿಸುತ್ತೇನೆ.