ರ‍್ಯಾಪರ್ ಪೋರ್ಟ್ರೇಟ್: ಮುಂಬೈ ಗಲ್ಲಿಯಲ್ಲಿ ಸರ, ಕ್ಯಾಪು, ಬೆಳಕಿನ ಲೆಕ್ಕ

ಮೊದಲು ಜಾಗ. ಮಾಟುಂಗದ ಫ್ಲ್ಯಾಟಿನಲ್ಲಿ ಬೆಳೆದ ಹುಡುಗನನ್ನು ಕರೆತಂದು ಧಾರಾವಿಯ ಗೋಡೆಗೆ ಒರಗಿಸಿದರೆ ಆ ಗಲ್ಲಿಯವರೇ ನೋಡಿ ನಗುತ್ತಾರೆ. ಅಪ್ಪನದು ಉಡುಪಿ ಹೋಟೆಲಾದರೆ ಅವನಿಗೆ ಆ ಗಲ್ಲಾಪೆಟ್ಟಿಗೆಯೇ ತಕ್ಕ ಹಿನ್ನೆಲೆ. ಧಾರಾವಿ ಅವನದೇ ಆಗಿದ್ದರೆ ಸರಿ, ಅವನ ಮನೆ ಬಾಗಿಲಿಗೇ ಹೋಗಿ. ಇನ್ನೊಬ್ಬರ ಬಡತನ ಸೆಟ್ಟಿಂಗ್ ಅಲ್ಲ.

ಗಲ್ಲಿಯಲ್ಲಿ ನಡುಮಧ್ಯಾಹ್ನ ಬೇಡ. ಬೆಳಕು ನೆತ್ತಿಯ ಮೇಲಿಂದ ಬಿದ್ದು ಕಣ್ಣುಗುಳಿ ಕಪ್ಪಾಗುತ್ತದೆ. ಕ್ಯಾಪ್ ಹಾಕಿದ್ದರೆ ಅರ್ಧ ಮುಖವೇ ಹೋಯಿತು. ಸೂರ್ಯ ಮುಳುಗುವ ಮುಕ್ಕಾಲು ಗಂಟೆ ಮೊದಲು ಅಲ್ಲಿರಿ. ಮುಂಬೈಯಲ್ಲಿ ಸೂರ್ಯ ಮುಳುಗುವುದು ಡಿಸೆಂಬರ್ ಮೊದಲ ವಾರ ಸುಮಾರು 6 ಗಂಟೆಗೆ, ಜೂನ್ ಕೊನೆಗೆ 7.20ರ ಹತ್ತಿರ. ಮಳೆಗಾಲದಲ್ಲಿ ನೀಲಿ ತಾಡಪಾಲಿನ ಕೆಳಗೆ ನಿಲ್ಲಿಸಬೇಡಿ: ಒಂದು ಕೆನ್ನೆ ನೀಲಿ, ಹೊರಗಿನ ಬೆಳಕು ಬಿದ್ದ ಇನ್ನೊಂದು ಕೆನ್ನೆ ಕಂದು. ಎರಡು ಬಣ್ಣದ ಬೆಳಕು ಬೆರೆತರೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣ ಸರಿಪಡಿಸುವ ಸೆಟ್ಟಿಂಗ್) ಒಂದನ್ನಷ್ಟೇ ಸರಿಮಾಡುತ್ತದೆ. ಎ.ಸಿ. ಕೋಣೆಯಿಂದ ಬಂದ ಕೂಡಲೇ ಕ್ಯಾಮೆರಾ ಹೊರತೆಗೆದರೆ ಲೆನ್ಸ್ ಮಂಜಾಗುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಡಿ.

ಈ ಶೈಲಿಗೆ ಮೆದು ಬೆಳಕು ಒಗ್ಗುವುದಿಲ್ಲ. ಅಂಚು ಹರಿತವಾದ ನೆರಳು ಬೇಕು, ಹಾಗಾಗಿ ಸಾಫ್ಟ್‌ಬಾಕ್ಸ್ ಮನೆಯಲ್ಲೇ ಇರಲಿ. ಕ್ಯಾಮೆರಾ ಮೇಲೆ ಕೂರಿಸುವ ಸಾಮಾನ್ಯ ಫ್ಲ್ಯಾಶ್ (ಸ್ಪೀಡ್‌ಲೈಟ್) ಒಂದು, ಅದನ್ನು ದೂರದಿಂದ ಹೊಡೆಸುವ ರೇಡಿಯೋ ಟ್ರಿಗರ್ ಒಂದು ಸಾಕು. ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಮುಖದಿಂದ ಒಂದೂವರೆ ಮೀಟರ್ ದೂರ, ಬದಿಗೆ ಸುಮಾರು 45 ಡಿಗ್ರಿಯಲ್ಲಿ ಹಿಡಿಯಲು ಗೆಳೆಯನೊಬ್ಬನಿಗೆ ಹೇಳಿ. ಐಎಸ್ಒ 200, ಲೆನ್ಸಿನ ತೆರಪು ಎಫ್/8, ಶಟರ್ 1/200, ಫ್ಲ್ಯಾಶ್ ಪವರ್ 1/16. ಇಲ್ಲಿಂದ ಶುರು. ಮುಖದ ಬೆಳಕನ್ನು ಫ್ಲ್ಯಾಶ್ ಪವರ್ ಆಳುತ್ತದೆ, ಆಕಾಶದ ಬೆಳಕನ್ನು ಶಟರ್. ಕತ್ತಲಾಗುತ್ತಾ ಬಂದ ಹಾಗೆ ಶಟರನ್ನು 1/125, 1/60 ಎಂದು ಇಳಿಸುತ್ತ ಹೋಗಿ, ಉಳಿದದ್ದು ಮುಟ್ಟಬೇಡಿ. ಶಟರ್ 1/250ಕ್ಕಿಂತ ವೇಗವಾದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ಫ್ಲ್ಯಾಶ್ ಇಲ್ಲದೆ ಅಂಗಡಿಯ ಟ್ಯೂಬ್‌ಲೈಟಿನಲ್ಲೇ ತೆಗೆಯುವುದಾದರೆ ಶಟರ್ 1/50 ಅಥವಾ 1/100 ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಟ್ಯೂಬ್ ಅದೇ ತಾಳಕ್ಕೆ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಬೇರೆ ವೇಗಕ್ಕೆ ಹೋದರೆ ಚಿತ್ರದಲ್ಲಿ ಪಟ್ಟೆ ಏಳುವ ಸಾಧ್ಯತೆ ಹೆಚ್ಚು.

ಕ್ಯಾಪ್ ಇದ್ದವನಿಗೆ ಫ್ಲ್ಯಾಶನ್ನು ತಲೆಗಿಂತ ಮೇಲೆತ್ತಬೇಡಿ, ಮೂಗಿನ ಎತ್ತರಕ್ಕೇ ಇರಲಿ. ಕ್ಯಾಪನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದರೆ ಸಾಕು, ಕಣ್ಣು ಬರುತ್ತದೆ. ಕಪ್ಪು ಕನ್ನಡಕದಲ್ಲಿ ಫ್ಲ್ಯಾಶ್ ಕಂಡರೆ ಕಡ್ಡಿಗಳನ್ನು ಕಿವಿಯಿಂದ ಅರ್ಧ ಇಂಚು ಮೇಲೆತ್ತಿಸಿ; ಗಾಜು ನೆಲದ ಕಡೆ ವಾಲಿ ಪ್ರತಿಬಿಂಬ ಜಾರಿಹೋಗುತ್ತದೆ. ಬೆಳ್ಳಿಬಣ್ಣದ ಹೊಳೆಯುವ ಪಟ್ಟಿಯಿರುವ ಟ್ರ್ಯಾಕ್‌ಸೂಟ್ ಬೆಳಕನ್ನು ಬಂದ ದಾರಿಗೇ ವಾಪಸು ಕಳಿಸುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಆ ಪಟ್ಟಿ ಸುಟ್ಟ ಬಿಳಿಯಾಗುತ್ತದೆ.

ಸರವೇ ಎಲ್ಲಕ್ಕಿಂತ ಕಿರಿಕಿರಿ. ಲೋಹವೆಂದರೆ ಕನ್ನಡಿ: ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಎದುರಿಗೆ ಕತ್ತಲ ಗಲ್ಲಿಯಿದ್ದರೆ ಎಷ್ಟೇ ದಪ್ಪ ಸರವಾದರೂ ಹಗ್ಗದಂತೆ ಕಾಣುತ್ತದೆ. ಪವರ್ ಏರಿಸಿದರೆ ಎರಡು ಕೊಂಡಿ ಮಾತ್ರ ಮಿಂಚಿ, ಚರ್ಮ ಬಿಳಿಚಿಕೊಳ್ಳುತ್ತದೆ. ಎರಡಡಿಯ ಬಿಳಿ ಥರ್ಮಾಕೋಲ್ ಹಾಳೆಯನ್ನು ಸೊಂಟದ ಎತ್ತರದಲ್ಲಿ, ಫ್ರೇಮಿನ ಹೊರಗೆ, ಮೇಲ್ಮುಖವಾಗಿ ಹಿಡಿಯಿರಿ. ಆಗ ಕೊಂಡಿಕೊಂಡಿಯೂ ತುಂಬಿಕೊಳ್ಳುತ್ತದೆ. ತೆಗೆಯುವ ಮೊದಲು ಹತ್ತಿಬಟ್ಟೆಯಿಂದ ಬೆವರೊರೆಸಿ, ಪೆಂಡೆಂಟ್ ತಿರುಗಿಲ್ಲವೇ ನೋಡಿ. ಅಕ್ಷರದ ಪೆಂಡೆಂಟ್ ಹಿಂದುಮುಂದಾದದ್ದು ಮನೆಗೆ ಹೋದ ಮೇಲೆಯೇ ಗೊತ್ತಾಗುವುದು.

ಒಡವೆ ಅಸಲಿಯೇ ಆಗಬೇಕೆಂದಿಲ್ಲ ಬಿಡಿ. 1997ರ ಮಾರ್ಚ್‌ನಲ್ಲಿ ಬ್ಯಾರನ್ ಕ್ಲೇಬೋರ್ನ್ ತೆಗೆದ ಅಮೆರಿಕದ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. ಚಿತ್ರದಲ್ಲಿ, ಅವನ ತಲೆಯ ಮೇಲೆ ಕೆಂಪು ಹಿನ್ನೆಲೆಯ ಮುಂದೆ ಓರೆಯಾಗಿ ಕೂತದ್ದು ಪ್ಲಾಸ್ಟಿಕ್ ಕಿರೀಟ.

ಪೂರ್ಣ ಆಳು ಬೇಕಾದರೆ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸ್, ಚಿತ್ರ ನಿಲುವಾಗಿ ಬರುವಂತೆ ಕ್ಯಾಮೆರಾ ತಿರುಗಿಸಿ, ಸೊಂಟದ ಎತ್ತರ, ದೂರ ಎರಡೂವರೆ ಮೀಟರ್. ಆಗ ಆಳು ದೊಡ್ಡವನಾಗಿ ಕಾಣುತ್ತಾನೆ, ಶೂ ಕೂಡ ಮರ್ಯಾದೆಯಿಂದ ಬರುತ್ತದೆ. 24 ಎಂಎಂ ಹಾಕಿ ನೆಲಕ್ಕೆ ಮಲಗಿ ಹತ್ತಿರ ಹೋದರೆ ಶೂ ಕುಂಬಳಕಾಯಿ, ತಲೆ ನಿಂಬೆಹಣ್ಣು. ಲೆನ್ಸಿನತ್ತ ಕೈ ಚಾಚುವ ಪೋಸಿದ್ದರೆ ಎಫ್/8ಕ್ಕಿಂತ ಅಗಲ ತೆರೆಯಬೇಡಿ, ಕೈಯೋ ಮುಖವೋ ಒಂದು ಮಸುಕಾಗುತ್ತದೆ. ಮೈಕ್ ಹಿಡಿದವರು ಅದರ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚುವುದು ರೂಢಿ. ಗದ್ದ ಮಾಯವಾಗುತ್ತದೆ, ಒಂದಿಂಚು ಕೆಳಗೆ ಹಿಡಿಸಿ.

"ಸ್ಟೈಲಾಗಿ ನಿಲ್ಲು ಮಾರಾಯ" ಎಂದರೆ ಯಾರೂ ನಿಲ್ಲುವುದಿಲ್ಲ. ಅವನದೇ ನಾಲ್ಕು ಸಾಲು ಹೇಳಿಸಿ, ಅಕ್ಷರ ಕೇಳಿ ಕ್ಲಿಕ್ ಮಾಡಿ. ಪ, ಬ, ಮ ಬಂದಾಗ ತುಟಿ ಬಿಗಿದು ದವಡೆ ಗಟ್ಟಿಯಾಗುತ್ತದೆ. 'ಆ' ಬಂದಾಗ ಕತ್ತಿನ ನರ ಎದ್ದು ಕಾಣುತ್ತದೆ. 'ಈ'ಯಲ್ಲಿ ಎಂಥವನೂ ಹಲ್ಲು ಕಿಸಿದ ಹಾಗಿರುತ್ತಾನೆ, ಬಿಟ್ಟುಬಿಡಿ. ಸಾಲು ಮುಗಿದು ಉಸಿರೆಳೆದುಕೊಳ್ಳುವ ಗಳಿಗೆಯೇ ಬಹಳ ಸಲ ಒಳ್ಳೆಯ ಫ್ರೇಮು ಕೊಡುತ್ತದೆ.

ರೈಲ್ವೆ ಪ್ಲಾಟ್‌ಫಾರ್ಮ್, ಪಾದಚಾರಿ ಸೇತುವೆಗೆ ಲಿಖಿತ ಅನುಮತಿ ಇಲ್ಲದೆ ಲೈಟು ಒಯ್ಯಬೇಡಿ.

ಎಡಿಟಿಂಗಿನಲ್ಲಿ ನೆರಳಿನ ಕಪ್ಪನ್ನು ಇನ್ನಷ್ಟು ಗಾಢ ಮಾಡಿ, ಆದರೆ ಚರ್ಮವನ್ನು ಬೆಳ್ಳಗೆ ಮಾಡಬೇಡಿ. ನುಣುಪಾಗಿಸುವ ಸ್ಲೈಡರ್ ಮುಟ್ಟಲೇಬೇಡಿ. ಹಾಡಿನ ಕವರಿಗಾದರೆ 3000×3000 ಪಿಕ್ಸೆಲ್ ಚೌಕ. ತಲೆಯ ಮೇಲೆ ಕಾಲುಭಾಗ ಖಾಲಿ ಬಿಟ್ಟು ತೆಗೆದಿರಬೇಕು. ಹೆಸರು ಕನ್ನಡದಲ್ಲಿದ್ದರೆ ಇನ್ನಷ್ಟು ಬಿಡಿ, ಇಲ್ಲದಿದ್ದರೆ ಒತ್ತಕ್ಷರ ನೇರ ಕ್ಯಾಪಿನ ಮೇಲೆ ಬಂದು ಕೂರುತ್ತದೆ.